‘ಯಾರಾದರೂ ಬನ್ನಿ’ ಎಂದರೆ ಯಾರೂ ಬರುವುದಿಲ್ಲ

ಸಣ್ಣ ಸೇವಾಸಂಸ್ಥೆಗಳ ಪದಾಧಿಕಾರಿಗಳು ಸಲಹೆ ಕೇಳಲು ಬಂದಾಗ ಹೆಚ್ಚಾಗಿ ಹೇಳುವ ಮಾತು ಒಂದೇ: ‘ಜನ ಸಿಗುವುದಿಲ್ಲ, ಸಿಕ್ಕವರು ನಿಲ್ಲುವುದಿಲ್ಲ.’ ಇಂಥ ಸಂಸ್ಥೆಗಳ ಜೊತೆ ಬಹುಕಾಲ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ಬಹುಪಾಲು ಕಡೆ ಬರ ಇರುವುದು ಜನರಿಗಲ್ಲ. ಇಷ್ಟರಿಂದ ಇಷ್ಟರವರೆಗೆ ನಿಮ್ಮದು ಎಂದು ಗೆರೆ ಎಳೆದು ಕೈಗೆ ಕೊಡಬಹುದಾದ ಕೆಲಸಕ್ಕೆ.

ನಾನು ಕಾರ್ಯದರ್ಶಿಯಾಗಿದ್ದಾಗ ಒಂದು ಶಿಬಿರಕ್ಕೆ ಮುನ್ನ ‘ಶನಿವಾರ ಯಾರಾದರೂ ನೆರವಿಗೆ ಬನ್ನಿ’ ಎಂದು ವಾಟ್ಸ್‌ಆ್ಯಪ್ ಗುಂಪಿಗೆ ಸಂದೇಶ ಹಾಕಿದೆ. ಎಲ್ಲರೂ ಓದಿದರು, ಹಲವರು ಕೈಮುಗಿಯುವ ಚಿತ್ರ ಕಳಿಸಿದರು, ಶನಿವಾರ ಬೆಳಿಗ್ಗೆ ಒಬ್ಬರೂ ಬರಲಿಲ್ಲ. ಅವರಿಗೆ ಕಳಕಳಿ ಇಲ್ಲವೆಂದು ನೊಂದುಕೊಂಡೆ. ಅದು ತಪ್ಪು ತೀರ್ಮಾನ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಬೇರೊಂದು ಕೋಣೆಯಲ್ಲಿರುವ ವ್ಯಕ್ತಿಗೆ ಮೂರ್ಛೆರೋಗ ಬಂದಂತಹ ಧ್ವನಿಯನ್ನು ಭಾಗವಹಿಸಿದವರಿಗೆ ಕೇಳಿಸಲಾಗಿತ್ತು. ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದ್ದವರಲ್ಲಿ ಶೇ 85ರಷ್ಟು ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ. ಜೀವ ಹೋಗುವಂತಹ ಸಂದರ್ಭದಲ್ಲೇ ಹೊಣೆ ಹೀಗೆ ಹಂಚಿಹೋಗುವುದಾದರೆ, ಕುರ್ಚಿ ಜೋಡಿಸುವ ಕೆಲಸದ ಪಾಡನ್ನು ಹೇಳಬೇಕಾಗಿಲ್ಲ. ಆಮೇಲಿನ ಶಿಬಿರಕ್ಕೆ ಒಬ್ಬೊಬ್ಬರಿಗೂ ಫೋನ್ ಮಾಡಿ, ‘ನೀವು 10ರಿಂದ 12 ಗಂಟೆಯವರೆಗೆ ನೋಂದಣಿ ಮೇಜಿನಲ್ಲಿ ಕೂರುತ್ತೀರಾ? ಆಗದಿದ್ದರೆ ಈಗಲೇ ಹೇಳಿ, ಬೇಸರವಿಲ್ಲ’ ಎಂದು ಕೇಳಿದೆ. ಕೆಲವರು ಆಗದು ಎಂದರು. ಆಗುತ್ತದೆ ಎಂದವರೆಲ್ಲ ಬಂದರು.

ಬಂದವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ, ಮತ್ತು ಅಲ್ಲಿ ಎಡವುವುದು ಹೆಚ್ಚಾಗಿ ನಾಯಕರೇ. ಒಬ್ಬ ಸ್ವಯಂಸೇವಕಿ ಇಡೀ ಮಧ್ಯಾಹ್ನ ಕೂತು ಹಾಜರಾತಿ ಪಟ್ಟಿಯನ್ನು ಕೈಬರಹದಲ್ಲಿ ಸಿದ್ಧಪಡಿಸಿದ್ದರು. ಹೆಸರುಗಳು ಅಕಾರಾದಿಯಲ್ಲಿ ಇರಲಿಲ್ಲವೆಂದು ಆ ರಾತ್ರಿ ನಾನೇ ಕೂತು ಅದನ್ನು ಮತ್ತೆ ಬರೆದೆ. ಮರುದಿನ ಅವರು ಮೇಜಿನ ಮೇಲಿದ್ದ ನನ್ನ ಪಟ್ಟಿಯನ್ನು ನೋಡಿ, ತಮ್ಮ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಏನೂ ಅನ್ನಲಿಲ್ಲ, ಮುಂದಿನ ವಾರದಿಂದ ಬರುವುದನ್ನು ಬಿಟ್ಟರು. ಅಕಾರಾದಿಯಲ್ಲಿ ಬೇಕೆಂದು ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು, ಅದನ್ನು ಅವರಿಂದಲೇ ತಿದ್ದಿಸದೆ ಕಸಿದುಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ಸಂಬಳಕ್ಕೆ ದುಡಿಯುವವರು ಇಂಥ ಅವಮಾನವನ್ನು ನುಂಗಿಕೊಂಡಾರು. ಕೆಲಸದ ತೃಪ್ತಿಯೊಂದನ್ನೇ ನೆಚ್ಚಿ ಬಂದವರಿಗೆ ಅದನ್ನೂ ಕಿತ್ತುಕೊಂಡ ಮೇಲೆ ಉಳಿಯಲು ಕಾರಣವಿರುವುದಿಲ್ಲ.

ಹಾಗೆಂದು ತಪ್ಪನ್ನು ತಪ್ಪೆನ್ನಲು ಹಿಂಜರಿಯಬೇಕಿಲ್ಲ. ‘ಪುಕ್ಕಟೆ ಮಾಡುವವರನ್ನು ಹೇಗೆ ಕೇಳುವುದು’ ಎಂಬ ಸಂಕೋಚ ಎಷ್ಟೋ ಸಂಸ್ಥೆಗಳನ್ನು ಹಾಳುಮಾಡಿದೆ. ರೆಡ್‌ಕ್ರಾಸ್ 1965ರಲ್ಲಿ ವಿಯೆನ್ನಾದಲ್ಲಿ ಘೋಷಿಸಿದ ಏಳು ಮೂಲತತ್ವಗಳಲ್ಲಿ ಸ್ವಯಂಸೇವೆಯೂ ಒಂದು. ಲಾಭದ ಆಸೆಯಿಂದ ಹೊರಡದ ಸೇವೆ ಎಂಬುದು ಅದರ ತಾತ್ಪರ್ಯವೇ ಹೊರತು ಹೊಣೆಯಿಲ್ಲದ ಸೇವೆ ಎಂದಲ್ಲ. ಹೇಳದೆ ಕೇಳದೆ ಗೈರುಹಾಜರಾದವರನ್ನು ಅದೇ ವಾರ, ಒಬ್ಬರೇ ಇದ್ದಾಗ, ಏನಾಯಿತೆಂದು ವಿಚಾರಿಸಿ. ಸುಮ್ಮನಿದ್ದರೆ, ಅವರ ಪಾಲಿನ ಕೆಲಸವನ್ನೂ ಹೊತ್ತವರು ಮೊದಲು ಹೊರಟುಹೋಗುತ್ತಾರೆ. ಓಡಾಟಕ್ಕೆ ಕೈಯಿಂದ ಹಾಕಿದ ಹಣವನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ.

ಬಿಟ್ಟುಹೋಗುವ ದಾರಿಯನ್ನೂ ಸುಲಭ ಮಾಡಬೇಕು ಎಂದರೆ ಪದಾಧಿಕಾರಿಗಳು ಬೆಚ್ಚುತ್ತಾರೆ. ಕೊನೆಯೇ ಕಾಣದ ಕೆಲಸವನ್ನು ಒಪ್ಪಿಕೊಳ್ಳಲು ಯಾರಿಗೂ ಧೈರ್ಯ ಬರುವುದಿಲ್ಲ. ಮೂರು ತಿಂಗಳ ಅವಧಿಗೆ ಕೆಲಸ ಒಪ್ಪಿಸಿ, ಅವಧಿ ಮುಗಿದಾಗ ‘ಮುಂದುವರಿಸುತ್ತೀರಾ, ಬೇರೆ ಕೆಲಸ ಬೇಕೇ, ಇಲ್ಲಿಗೆ ಸಾಕೇ?’ ಎಂದು ನೀವೇ ಕೇಳಿ. ಸಾಕು ಎಂದವರು ಹೋಗುವ ಮುನ್ನ ಹೊಸಬರ ಪಕ್ಕದಲ್ಲಿ ಒಂದು ದಿನ ಕೂತು, ಬೀಗದ ಕೈ, ಪಾಸ್‌ವರ್ಡ್‌ಗಳು, ಯಾವುದಕ್ಕೆ ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿ, ಇಷ್ಟನ್ನೂ ಒಪ್ಪಿಸಿಕೊಡಲಿ. ಆ ದಿನ ನೀವು ಮಾತ್ರ ಅವರಿಬ್ಬರ ನಡುವೆ ಹೋಗಿ ಕೂರಬೇಡಿ.