ಉತ್ಪಾದನೆ ಎಲ್ಲಿ, ಆದಾಯ ಯಾರಿಗೆ: ಆಫ್ರಿಕಾದ ದೇಶಗಳ ಲೆಕ್ಕ

ಸುತ್ತಲೂ ದಕ್ಷಿಣ ಆಫ್ರಿಕಾದಿಂದಲೇ ಆವೃತವಾಗಿರುವ ಲೆಸೊಥೊ ಎಂಬ ಪುಟ್ಟ ಬೆಟ್ಟದ ನಾಡಿನಲ್ಲಿ, ದೇಶದ ಒಳಗಿನ ಉತ್ಪಾದನೆಗಿಂತ ಅಲ್ಲಿಯ ಜನರ ಆದಾಯವೇ ಹೆಚ್ಚು. ಗಿನಿ ಕೊಲ್ಲಿಯ ತೀರದಲ್ಲಿರುವ ಈಕ್ವಟೋರಿಯಲ್ ಗಿನಿಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಒಂದೇ ಖಂಡದ ಈ ಎರಡು ದೇಶಗಳನ್ನು ಜಿಡಿಪಿ, ಅಂದರೆ ಒಟ್ಟು ದೇಶೀಯ ಉತ್ಪನ್ನದಿಂದ ಮಾತ್ರ ಅಳೆದರೆ ಮೊದಲನೆಯದು ತನ್ನ ನಿಜಸ್ಥಿತಿಗಿಂತ ಬಡದೇಶವಾಗಿಯೂ ಎರಡನೆಯದು ಸಿರಿವಂತ ದೇಶವಾಗಿಯೂ ಕಾಣುತ್ತದೆ.

ಜಿಡಿಪಿಗೆ ವಿದೇಶದಿಂದ ಬರುವ ವೇತನ, ಬಡ್ಡಿ ಮತ್ತು ಲಾಭಾಂಶಗಳನ್ನು ಕೂಡಿಸಿ, ವಿದೇಶಿಯರಿಗೆ ಸಲ್ಲುವ ಅದೇ ಬಗೆಯ ಮೊತ್ತವನ್ನು ಕಳೆದರೆ ದೊರೆಯುವುದೇ ಒಟ್ಟು ರಾಷ್ಟ್ರೀಯ ಆದಾಯ. ಲೆಸೊಥೊದ ಗಂಡಸರು ತಲೆಮಾರುಗಳಿಂದ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ದುಡಿಯಲು ಹೋಗುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಅವರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಅವರ ದುಡಿಮೆಯಿಂದ ಬಂದ ಚಿನ್ನ ದಕ್ಷಿಣ ಆಫ್ರಿಕಾದ ಜಿಡಿಪಿಗೆ ಸೇರಿದರೆ, ಅವರ ಕೂಲಿ ಲೆಸೊಥೊದ ರಾಷ್ಟ್ರೀಯ ಆದಾಯಕ್ಕೆ ಸೇರಿತು. ಈಕ್ವಟೋರಿಯಲ್ ಗಿನಿಯಲ್ಲಿ 1990ರ ದಶಕದ ಮಧ್ಯಭಾಗದಲ್ಲಿ ಸಮುದ್ರದಡಿಯ ದೊಡ್ಡ ತೈಲ ನಿಕ್ಷೇಪ ಪತ್ತೆಯಾಯಿತು. ಅದನ್ನು ಹೊರತೆಗೆಯುವ ಬಂಡವಾಳವೂ ತಂತ್ರಜ್ಞಾನವೂ ವಿದೇಶಿ ಕಂಪನಿಗಳದ್ದಾದ್ದರಿಂದ, ತೈಲದ ಮೌಲ್ಯ ಪೂರ್ತಿಯಾಗಿ ಜಿಡಿಪಿಯಲ್ಲಿ ದಾಖಲಾದರೂ ಲಾಭದ ದೊಡ್ಡ ಪಾಲು ರಾಷ್ಟ್ರೀಯ ಆದಾಯದ ಲೆಕ್ಕದಿಂದ ಹೊರಬೀಳುತ್ತದೆ. ವಿದೇಶಿ ಬಂಡವಾಳದಿಂದ ಗಣಿ ಮತ್ತು ತೈಲ ಬಾವಿಗಳು ನಡೆಯುವ ಖಂಡವೊಂದನ್ನು ಜಿಡಿಪಿಯಿಂದ ಹೋಲಿಸುವುದು ಆ ಜನರಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಆದರೆ ರಾಷ್ಟ್ರೀಯ ಆದಾಯವೂ ಎಲ್ಲವನ್ನೂ ಒಳಗೊಳ್ಳುವುದಿಲ್ಲ. ಕೊಲ್ಲಿ ದೇಶಗಳಲ್ಲಿ ವರ್ಷಗಟ್ಟಲೆ ನೆಲೆಸಿರುವ ಈಜಿಪ್ಟಿನವರನ್ನು ಆ ದೇಶಗಳ ನಿವಾಸಿಗಳೆಂದೇ ಎಣಿಸಿ, ಅವರು ಮನೆಗೆ ಕಳಿಸುವ ಹಣವನ್ನು ವೇತನವೆನ್ನದೆ ವರ್ಗಾವಣೆಯೆಂದು ಪರಿಗಣಿಸುವುದರಿಂದ ಅದು ಇದರಲ್ಲಿ ಸೇರುವುದಿಲ್ಲ.

ಹೋಲಿಕೆಗೆ ಎಲ್ಲ ಕರೆನ್ಸಿಗಳನ್ನೂ ಡಾಲರಿಗೆ ಪರಿವರ್ತಿಸಬೇಕು. ಒಂದೇ ವರ್ಷದ ವಿನಿಮಯ ದರವನ್ನು ನಂಬಿದರೆ, 2023ರಲ್ಲಿ ನೈಜೀರಿಯಾದ ನೈರಾ ಕುಸಿದಂತೆ ಕರೆನ್ಸಿ ಕುಸಿದಾಗಲೆಲ್ಲ ದೇಶ ಏಕಾಏಕಿ ಬಡವಾದಂತೆ ತೋರುತ್ತದೆ. ಆದ್ದರಿಂದ ವಿಶ್ವ ಬ್ಯಾಂಕ್ ತನ್ನ ಅಟ್ಲಾಸ್ ವಿಧಾನದಲ್ಲಿ, ಹಣದುಬ್ಬರದ ವ್ಯತ್ಯಾಸವನ್ನು ಸರಿಹೊಂದಿಸಿ ಮೂರು ವರ್ಷಗಳ ದರದ ಸರಾಸರಿಯನ್ನು ಬಳಸುತ್ತದೆ. ಹೀಗೆ ಪರಿವರ್ತಿಸಿದ ತಲಾ ರಾಷ್ಟ್ರೀಯ ಆದಾಯದ ಆಧಾರದ ಮೇಲೆಯೇ ಅದು ಪ್ರತಿ ವರ್ಷ ಜುಲೈನಲ್ಲಿ ದೇಶಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸುತ್ತದೆ. 2023ರ ಅಂಕಿಅಂಶಗಳ ಪ್ರಕಾರ 14,005 ಡಾಲರ್ ದಾಟಿದವು ಅಧಿಕ ಆದಾಯದ ದೇಶಗಳು, 1,145 ಡಾಲರ್ ಮೀರದವು ಕಡಿಮೆ ಆದಾಯದ ದೇಶಗಳು. ಆ ಸಾಲಿನಲ್ಲಿ ಆಫ್ರಿಕಾದಿಂದ ಅಧಿಕ ಆದಾಯದ ವರ್ಗದಲ್ಲಿದ್ದದ್ದು ಸೀಷೆಲ್ಸ್ ಒಂದೇ. ಮಾರಿಷಸ್ 2020ರಲ್ಲಿ ಅದೇ ವರ್ಗಕ್ಕೆ ಏರಿ, ಕೋವಿಡ್ ಪ್ರವಾಸೋದ್ಯಮವನ್ನು ನೆಲಕಚ್ಚಿಸಿದ್ದರಿಂದ ಮರುವರ್ಷವೇ ಕೆಳಗಿಳಿಯಿತು.

ಲೆಕ್ಕದ ತಳಹದಿಯೇ ಹಳೆಯದಾಗಿದ್ದರೆ ಇಂಥ ಎಚ್ಚರವೂ ಸಾಲದು. ಘಾನಾ 2010ರಲ್ಲಿ ತನ್ನ ಆಧಾರ ವರ್ಷವನ್ನು, ಅಂದರೆ ಲೆಕ್ಕಕ್ಕೆ ಮಾನದಂಡವಾಗಿಟ್ಟುಕೊಂಡ ವರ್ಷವನ್ನು ಬದಲಿಸಿ, ಮೊದಲು ಸರಿಯಾಗಿ ಎಣಿಕೆಗೆ ಸಿಗದಿದ್ದ ಸೇವಾ ವಲಯವನ್ನು ಸೇರಿಸಿಕೊಂಡಾಗ ಜಿಡಿಪಿ ಸುಮಾರು ಶೇ 60ರಷ್ಟು ಹಿಗ್ಗಿತು, ಮತ್ತು ದೇಶ ಬಡ ವರ್ಗದಿಂದ ಕೆಳ ಮಧ್ಯಮ ವರ್ಗಕ್ಕೆ ದಾಟಿತು. ಆ ವರ್ಷ ಅಲ್ಲಿಯ ಯಾವ ರೈತನ ಕಣಜವೂ ಈ ಲೆಕ್ಕದಿಂದ ತುಂಬಲಿಲ್ಲ. ನೈಜೀರಿಯಾ 2014ರಲ್ಲಿ 1990ರ ಬದಲು 2010ನ್ನು ಆಧಾರ ವರ್ಷವಾಗಿಸಿ, ಮೊಬೈಲ್ ಸೇವೆ ಮತ್ತು ಚಲನಚಿತ್ರ ಉದ್ಯಮವನ್ನು ಸರಿಯಾಗಿ ಗಣಿಸಿದಾಗ ಅದರ ಜಿಡಿಪಿ ಶೇ 89ರಷ್ಟು ಹೆಚ್ಚಿ, ದಕ್ಷಿಣ ಆಫ್ರಿಕಾವನ್ನು ಹಿಂದಿಕ್ಕಿತು.

ಬುರುಂಡಿಯಂಥ ದೇಶದಲ್ಲಿ ತೊಡಕು ಇನ್ನೂ ಆಳದ್ದು. ಬಹುಪಾಲು ಕುಟುಂಬಗಳು ತಾವು ಬೆಳೆದದ್ದನ್ನೇ ಉಣ್ಣುವ ಅಲ್ಲಿ, ಮಾರುಕಟ್ಟೆಗೆ ಬಾರದ ಆ ಬೆಳೆಗೂ ಸಮೀಕ್ಷೆಯ ಮೂಲಕ ಬೆಲೆ ಅಂದಾಜಿಸಿ ಆದಾಯಕ್ಕೆ ಸೇರಿಸಬೇಕು. 2023ರಲ್ಲಿ ಅದರ ತಲಾ ರಾಷ್ಟ್ರೀಯ ಆದಾಯ 250 ಡಾಲರಿಗಿಂತ ಕಡಿಮೆಯಿತ್ತು. ಅಷ್ಟೇ ಬಡತನದ ಇನ್ನೊಂದು ದೇಶಕ್ಕೂ ಅದಕ್ಕೂ ಇರುವ ಹತ್ತಿಪ್ಪತ್ತು ಡಾಲರುಗಳ ಅಂತರದ ಮೇಲೆ ಯಾವ ತೀರ್ಮಾನವನ್ನೂ ಕಟ್ಟುವಂತಿಲ್ಲ. ಸೀಷೆಲ್ಸ್‌ಗೂ ಅದಕ್ಕೂ ಇರುವ ಅಂತರ ಮಾತ್ರ ಯಾವ ಸಮೀಕ್ಷೆಯನ್ನು ತಿದ್ದಿದರೂ ಅಳಿಸಿಹೋಗುವಂಥದ್ದಲ್ಲ.