ಕೆಲಸ ಹೋಗುವ ಮೊದಲೇ ಹೋಗುವ ನಿದ್ದೆ

ಮಾರ್ಚ್ ತಿಂಗಳ ಕೊನೆಯ ವಾರ ಕಾರವಾರದ ಕಚೇರಿಗಳಲ್ಲಿ ಎರಡು ಬಗೆಯ ಧಾವಂತ ಇರುತ್ತದೆ. ಖಾಯಂ ನೌಕರರಿಗೆ ಆರ್ಥಿಕ ವರ್ಷ ಮುಗಿಯುವುದರೊಳಗೆ ಬಿಲ್ಲುಗಳನ್ನು ಖಜಾನೆಗೆ ಮುಟ್ಟಿಸುವ ಗಡಿಬಿಡಿ. ಪಕ್ಕದ ಮೇಜಿನಲ್ಲಿ ಕುಳಿತು ಆ ಬಿಲ್ಲುಗಳನ್ನೇ ಟೈಪು ಮಾಡುವ ಹೊರಗುತ್ತಿಗೆಯವರಿಗೆ, ಏಪ್ರಿಲ್ ಒಂದರಂದು ತಾವು ಅದೇ ಕುರ್ಚಿಯಲ್ಲಿ ಇರುತ್ತೇವೆಯೋ ಇಲ್ಲವೋ ಎಂಬ ಚಿಂತೆ. ನನ್ನ ಪರಿಚಯದ ಡೇಟಾ ಎಂಟ್ರಿ ಆಪರೇಟರ್ ಒಬ್ಬಳು ಇಂಥದೊಂದು ಕಚೇರಿಯಲ್ಲಿ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದಾಳೆ. ಗುತ್ತಿಗೆ ಮುಂದುವರಿಸಿದ ಆದೇಶ ಕೈಗೆ ಬರುವಷ್ಟರಲ್ಲಿ ಏಪ್ರಿಲ್ ಮೂರನೆಯ ವಾರವಾಗುತ್ತದೆ. ಅಲ್ಲಿಯವರೆಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರುವುದಿಲ್ಲವಾದ್ದರಿಂದ ಬೇರೊಂದು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಸಹಿ ಹಾಕುತ್ತಾಳೆ. ಆದೇಶ ಬಂದ ಮೇಲೆ ಅದರ ಮೇಲೆಯೇ ಪೆನ್ನು ತಿದ್ದುತ್ತಾಳೆ. ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಅವಳ ಕೆಲಸ ಹೋಗಿಲ್ಲ. ಆದರೂ ಮಾರ್ಚ್ ಹದಿನೈದು ದಾಟಿತೆಂದರೆ ರಾತ್ರಿ ಎರಡಕ್ಕೆ ಎಚ್ಚರವಾಗಿ, ಮತ್ತೆ ಕಣ್ಣು ಹತ್ತುವುದಿಲ್ಲ.

ಕೆಲಸ ಕಳೆದುಕೊಳ್ಳದವರು ಕಳೆದುಕೊಂಡವರಂತೆ ಏಕೆ ಬಳಲುತ್ತಾರೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನ ಬಹಳ ಕಾಲ ಕೇಳಿಕೊಂಡಿರಲಿಲ್ಲ. ಮೊದಲು ಅದರ ಗಮನ ಹೋದದ್ದು ನಿಜವಾಗಿ ಕೆಲಸ ಹೋದವರ ಕಡೆಗೆ. ಆಸ್ಟ್ರಿಯಾದ ವಿಯೆನ್ನಾ ನಗರಕ್ಕೆ ಹತ್ತಿರದ ಮಾರಿಯೆಂಥಾಲ್ ಎಂಬ ಊರಿನಲ್ಲಿ ಜವಳಿ ಕಾರ್ಖಾನೆಯೊಂದು ಮುಚ್ಚಿ ಇಡೀ ಊರೇ ನಿರುದ್ಯೋಗಿಯಾದಾಗ, ಮಾರಿ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ಝೈಸೆಲ್ ಅಲ್ಲಿನ 478 ಕುಟುಂಬಗಳ ಬದುಕನ್ನು ಅಧ್ಯಯನ ಮಾಡಿ 1933ರಲ್ಲಿ ವರದಿ ಪ್ರಕಟಿಸಿದರು. ಬೀದಿಯಲ್ಲಿ ಜನ ಎಷ್ಟು ವೇಗವಾಗಿ ನಡೆಯುತ್ತಾರೆ, ನಡುವೆ ಎಷ್ಟು ಸಲ ನಿಲ್ಲುತ್ತಾರೆ ಎಂಬುದನ್ನೂ ಅವರು ಅಳೆದರು. ಕೈತುಂಬ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಕೆಲಸವೆಂದರೆ ಸಂಬಳ ಮಾತ್ರವಲ್ಲ, ದಿನಚರಿಗೆ ಒಂದು ಕ್ರಮ, ನಾಲ್ಕು ಜನರ ಒಡನಾಟ, ತಾನು ಯಾವುದಕ್ಕೋ ಬೇಕಾದವನೆಂಬ ಭಾವ ಇವೆಲ್ಲ ಅದರೊಳಗೇ ಇವೆ ಎಂದು ಯಹೋಡಾ ಮುಂದೆ ವಾದಿಸಿದ್ದು ಈ ಊರಿನ ಅನುಭವದ ಬಲದ ಮೇಲೆ.

ಇನ್ನೂ ಕೆಲಸದಲ್ಲಿರುವವರ ಭಯ ಪ್ರತ್ಯೇಕ ವಿಷಯವಾದದ್ದು ಅರ್ಧ ಶತಮಾನದ ನಂತರ. ಪಾಶ್ಚಾತ್ಯ ದೇಶಗಳ ಕಂಪನಿಗಳು ಸಾಲುಸಾಲಾಗಿ ಸಿಬ್ಬಂದಿ ಕಡಿತಕ್ಕೆ ಇಳಿದಿದ್ದ 1984ರಲ್ಲಿ ಲಿಯೊನಾರ್ಡ್ ಗ್ರೀನ್‌ಹಾಲ್ಗ್ ಮತ್ತು ಝೆಹಾವಾ ರೋಸೆನ್‌ಬ್ಲಾಟ್ ಉದ್ಯೋಗದ ಅಭದ್ರತೆಗೆ ಒಂದು ಸ್ಪಷ್ಟ ವ್ಯಾಖ್ಯೆ ಕೊಟ್ಟರು. ಕೆಲಸಕ್ಕೆ ಕುತ್ತು ಬಂದಿರುವಾಗ ಅದನ್ನು ಉಳಿಸಿಕೊಳ್ಳಲು ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಅನಿಸಿಕೆ ಎಂಬುದು ಅದರ ಸಾರಾಂಶ. ಇಲ್ಲಿ ಕುತ್ತಿಗಿಂತಲೂ 'ತನ್ನ ಕೈಯಲ್ಲಿ ಏನೂ ಇಲ್ಲ' ಎಂಬುದೇ ಮುಖ್ಯವೆಂದು ನನಗನ್ನಿಸುತ್ತದೆ. ಪೆನ್ಸಿಲಿನಲ್ಲಿ ಸಹಿ ಹಾಕುವವಳ ಕೆಲಸದ ಗುಣಮಟ್ಟಕ್ಕೂ ಆದೇಶ ಬರುವುದಕ್ಕೂ ಸಂಬಂಧವಿಲ್ಲ. ಅದು ಟೆಂಡರು, ಅನುದಾನ ಮತ್ತು ಮೇಲಿನ ಸಹಿಗಳ ವಿಚಾರ.

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಕಾಲ ದುಡಿದವರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಉದ್ಯೋಗ ಮನೋವಿಜ್ಞಾನಿ ಹಾನ್ಸ್ ಡಿ ವಿಟ್ಟೆ ಒಬ್ಬರು. ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ, ಬೆಲ್ಜಿಯಂನ ಲೋಹೋದ್ಯಮದ ಕಾರ್ಖಾನೆಯೊಂದರ ನೌಕರರನ್ನೂ ಮಾತನಾಡಿಸಿ 1999ರಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ಕೆಲಸದ ಜಾಗದಲ್ಲಿ ಮನಸ್ಸನ್ನು ಹೆಚ್ಚು ಕಾಡುವ ಸಂಗತಿಗಳ ಸಾಲಿನಲ್ಲಿ ಅಭದ್ರತೆಗೆ ಮೇಲಿನ ಸ್ಥಾನವಿದೆ. ಕೆಲಸ ಹೋದವನಿಗೆ ದುಃಖವಿದ್ದರೂ ಮುಂದೆ ಏನು ಮಾಡಬೇಕೆಂಬುದು ಗೊತ್ತಿರುತ್ತದೆ: ಅರ್ಜಿ ಹಾಕಬಹುದು, ಊರು ಬಿಡಬಹುದು, ಅಂಗಡಿ ತೆರೆಯಬಹುದು. ಹೋಗಬಹುದು ಎಂಬ ಸ್ಥಿತಿಯಲ್ಲಿರುವವನು ಅತ್ತ ಬಿಡಲಾರ, ಇತ್ತ ನಂಬಿ ಕೂರಲಾರ.

ಲಂಡನ್ನಿನ 10,308 ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದಿಂದ ಇದಕ್ಕೆ ಪುಷ್ಟಿ ಸಿಕ್ಕಿತು. ಅವರ ಪೈಕಿ ಒಂದು ಇಲಾಖೆಯನ್ನು ಖಾಸಗಿಯವರಿಗೆ ಒಪ್ಪಿಸುವ ನಿರ್ಧಾರ ನಡುವೆ ಬಂದದ್ದರಿಂದ, ಆ ಸುದ್ದಿಗೆ ಮೊದಲಿನ ಆರೋಗ್ಯವನ್ನೂ ನಂತರದ್ದನ್ನೂ ಹೋಲಿಸಲು ಸಾಧ್ಯವಾಯಿತು. ಯಾರ ಕೆಲಸವೂ ಇನ್ನೂ ಹೋಗದಿದ್ದ, ಬರಿಯ ಕಾಯುವ ಅವಧಿಯಲ್ಲೇ ಆ ಇಲಾಖೆಯವರು ತಮ್ಮ ಆರೋಗ್ಯ ಕೆಟ್ಟಿದೆಯೆಂದು ಹೇಳಿದ್ದು ಉಳಿದವರಿಗಿಂತ ಹೆಚ್ಚಾಗಿತ್ತು. ಸ್ವೀಡನ್ನಿನ ಮ್ಯಾಗ್ನಸ್ ಸ್ವೆರ್ಕೆ ಮತ್ತು ಸಂಗಡಿಗರು ಹಲವಾರು ಅಧ್ಯಯನಗಳ ಅಂಕಿಗಳನ್ನು 2002ರಲ್ಲಿ ಒಟ್ಟುಗೂಡಿಸಿದಾಗಲೂ ಅಭದ್ರತೆ ಹೆಚ್ಚಿದಂತೆ ಕೆಲಸದ ತೃಪ್ತಿ, ಆಡಳಿತದ ಮೇಲಿನ ವಿಶ್ವಾಸ, ಆರೋಗ್ಯ ಮೂರೂ ತಗ್ಗುವುದು ಕಂಡಿತು. ಹೆದರಿಕೆ ಇದ್ದರೇನೇ ಜನ ದುಡಿಯುವುದು ಎಂಬ ಮಾತನ್ನು ನಮ್ಮ ಮೇಲಧಿಕಾರಿಗಳ ಬಾಯಿಂದ ಎಷ್ಟೋ ಸಲ ಕೇಳಿದ್ದೇನೆ. ಈ ಅಂಕಿಗಳಲ್ಲಿ ಅದಕ್ಕೆ ಆಧಾರವಿಲ್ಲ.

ಕೆಲಸ ಇಲ್ಲದಿರುವುದಕ್ಕಿಂತ ಏನಾಗುತ್ತದೆಂದು ತಿಳಿಯದೆ ಕಾಯುವುದೇ ಹೆಚ್ಚು ಕಾಡುತ್ತದೆ ಎಂಬ ಮಾತು ನಮ್ಮ ಕರಾವಳಿಯವರಿಗೆ ಹೊಸತೆನಿಸಬಾರದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ಹೊರಗಿನ ಖಲಾಸಿಗಳು ಊರಿಗೆ ಹೋಗಿರುತ್ತಾರೆ, ಉಳಿದವರು ಬಲೆ ರಿಪೇರಿಗೆ ಕೂರುತ್ತಾರೆ. ಲೆಕ್ಕ ಹಿಡಿದರೆ ಇದು ಎರಡು ತಿಂಗಳ ಪೂರ್ತಿ ನಿರುದ್ಯೋಗ. ಸಾಲವೂ ಆಗುತ್ತದೆ. ಆದರೆ ಆಗಸ್ಟ್ ಒಂದು ಎಂಬ ತಾರೀಖು ಎಲ್ಲರಿಗೂ ಗೊತ್ತಿದೆ, ಮನೆಯ ಖರ್ಚು, ಮದುವೆ ಮಾತುಕತೆ ಎಲ್ಲವೂ ಆ ತಾರೀಖಿನ ಸುತ್ತ ಹೊಂದಿಕೊಂಡಿವೆ. ಮೀನುಗಾರರ ನಿಜವಾದ ಚಿಂತೆ ಆಗಸ್ಟಿನ ನಂತರ ಬಲೆಗೆ ಮೀನು ಬೀಳುತ್ತದೆಯೋ ಇಲ್ಲವೋ ಎಂಬುದು, ಎಂದರೆ ತಾರೀಖಿಲ್ಲದ್ದು.

ತಾರೀಖಿಲ್ಲದ ಕಾಯುವಿಕೆಯ ಇನ್ನೊಂದು ಮುಖವನ್ನು ಅಂಕೋಲಾ ಕಡೆಯವರು ನೋಡಿದ್ದಾರೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿದಾಗ ಕಾರವಾರ, ಬೇಲೆಕೇರಿ ಬಂದರುಗಳಿಗೆ ಅದಿರು ಸಾಗಿಸುತ್ತಿದ್ದ ಲಾರಿಗಳು ನಿಂತವು. ಆ ಗಣಿಗಾರಿಕೆಯ ಅಕ್ರಮಗಳನ್ನು ಸಮರ್ಥಿಸುವ ಮಾತು ಇದಲ್ಲ. ಆದರೆ ಲಾರಿಗೆ ಸಾಲ ಮಾಡಿದ್ದವರಲ್ಲಿ ಕೆಲವರು ಆ ವರ್ಷವೇ ನಷ್ಟಕ್ಕೆ ಮಾರಿ ಬೇರೆ ದಾರಿ ಹಿಡಿದರು, ಕೆಲವರು ಇಂದಲ್ಲ ನಾಳೆ ಶುರುವಾದೀತೆಂದು ಕಾದರು. ನನಗೆ ಗೊತ್ತಿದ್ದ ಒಬ್ಬರು ಲಾರಿಗೆ ತಾಡಪಾಲು ಹೊದೆಸಿ ಅಂಗಳದಲ್ಲೇ ಇಟ್ಟುಕೊಂಡು ಎರಡು ಮಳೆಗಾಲ ಕಂತು ಕಟ್ಟಿದರು. ರಫ್ತಿಗೆ ಸುಪ್ರೀಂ ಕೋರ್ಟ್ ಮತ್ತೆ ಅವಕಾಶ ಕೊಟ್ಟದ್ದು 2022ರ ಮೇ ತಿಂಗಳಲ್ಲಿ.

ಅಭದ್ರತೆಯೆಂದರೆ ಕೆಲಸವೇ ಹೋಗುವ ಭಯವೊಂದೇ ಅಲ್ಲ. ಕೆಲಸ ಉಳಿದರೂ ಅದರ ಸ್ಥಾನಮಾನ, ಬಡ್ತಿ, ಇರುವ ಊರು ಹೋಗುವ ಭಯವನ್ನು ಸಂಶೋಧಕರು 1999ರ ಹೊತ್ತಿಗೆ ಪ್ರತ್ಯೇಕವಾಗಿ ಗುರುತಿಸಿದ್ದರು. 2020ರ ಲಾಕ್‌ಡೌನಿನಲ್ಲಿ ಶಿರಸಿ, ಸಿದ್ದಾಪುರದ ತೋಟದ ಮನೆಗಳಿಗೆ ಬಂದು ನೆಟ್‌ವರ್ಕಿಗಾಗಿ ಗುಡ್ಡ ಹತ್ತಿ ಕೆಲಸ ಮಾಡಿದ ಐಟಿ ಹುಡುಗರಿಗೆ, ಬೆಂಗಳೂರಿಗೆ ವಾಪಸಾಗಬೇಕೆಂಬ ಮೇಲ್ ಯಾವತ್ತು ಬರುತ್ತದೋ ಎಂದು ಕಾಡಿದ್ದು ಈ ಬಗೆಯದು.

ಯುರೋಪಿನ ಒಂದು ತೀರ್ಮಾನವನ್ನು ಮಾತ್ರ ಇಲ್ಲಿಗೆ ಹಾಗೆಯೇ ತರಲಾಗದು. ಡಿ ವಿಟ್ಟೆ ಮತ್ತು ಕ್ಯಾಥರೀನಾ ನ್ಯಾಸ್ವಾಲ್ 2003ರಲ್ಲಿ ಕಂಡುಕೊಂಡಂತೆ, ಅಭದ್ರತೆ ಕೆಲಸದ ತೃಪ್ತಿಯನ್ನು ಕೆಡಿಸುವುದು ತಾತ್ಕಾಲಿಕ ನೌಕರರಿಗಿಂತ ಖಾಯಂ ನೌಕರರಲ್ಲಿ ಹೆಚ್ಚು. ಭದ್ರತೆಯ ನಿರೀಕ್ಷೆ ಇದ್ದವನಿಗೇ ಅದು ಮುರಿದಾಗ ನೋವು. ನಮ್ಮ ಗುತ್ತಿಗೆ ನೌಕರ ಹೆಸರಿಗಷ್ಟೇ ತಾತ್ಕಾಲಿಕ. ಖಾಯಂ ನೌಕರನ ಕೆಲಸವನ್ನೇ ಹತ್ತು ಹನ್ನೆರಡು ವರ್ಷ ಮಾಡುತ್ತ, ಇಂದಲ್ಲ ನಾಳೆ ಖಾಯಂ ಆದೇನು ಎಂಬ ನಿರೀಕ್ಷೆಯನ್ನು ಅವನು ಕಟ್ಟಿಕೊಂಡಿರುತ್ತಾನೆ. ತಾತ್ಕಾಲಿಕವಾಗಿ ನೇಮಕಗೊಂಡವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು ಕರ್ನಾಟಕದಿಂದಲೇ ಹೋಗಿದ್ದ ಉಮಾದೇವಿ ಪ್ರಕರಣದಲ್ಲಿ, 2006ರ ಏಪ್ರಿಲ್ 10ರಂದು. ಮಂಜೂರಾದ ಹುದ್ದೆಗಳಲ್ಲಿ ಕೋರ್ಟಿನ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಮಾತ್ರ ಪರಿಗಣಿಸಬಹುದೆಂದು ಅದೇ ತೀರ್ಪು ಹೇಳಿದ್ದರಿಂದ, ಬಾಗಿಲು ಮುಚ್ಚಿದರೂ 'ಹತ್ತು ವರ್ಷ' ಎಂಬ ಮಾತು ಕಚೇರಿಗಳಲ್ಲಿ ಉಳಿದುಬಿಟ್ಟಿತು.

ಪರಿಹಾರದ ಕುರಿತು ಸಂಶೋಧನೆ ಹೇಳುವುದು ಸರಳ. ಎಲ್ಲರಿಗೂ ಖಾಯಂ ಹುದ್ದೆ ಕೊಡಲಾಗದಿದ್ದರೂ, ಏನಾಗುತ್ತಿದೆ ಎಂಬುದನ್ನು ಮುಂಚಿತವಾಗಿ, ಮುಚ್ಚುಮರೆಯಿಲ್ಲದೆ ತಿಳಿಸುವ ಮತ್ತು ನೌಕರರ ಮಾತಿಗೂ ಜಾಗ ಕೊಡುವ ಸಂಸ್ಥೆಗಳಲ್ಲಿ ಅಭದ್ರತೆಯ ಭಾವ ಕಡಿಮೆ ಎಂದು ಟಿನ್ನೆ ವಾಂಡರ್ ಎಲ್ಸ್ಟ್, ಡಿ ವಿಟ್ಟೆ ಮೊದಲಾದವರ ಅಧ್ಯಯನಗಳು ತೋರಿಸಿವೆ. ಏಪ್ರಿಲ್ ಮೂರನೆಯ ವಾರ ಬರುವ ಆದೇಶವೇ ಮಾರ್ಚ್ ಮೊದಲ ವಾರ ಬಂದರೆ ಸರ್ಕಾರಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಖರ್ಚೂ ಇಲ್ಲ.

ಡಿ ವಿಟ್ಟೆ ರೂಪಿಸಿದ ಪ್ರಶ್ನಾವಳಿಯಲ್ಲಿ ನಾಲ್ಕೇ ವಾಕ್ಯಗಳಿವೆ: ನನ್ನ ಕೆಲಸ ಬೇಗನೆ ಹೋಗುವ ಸಂಭವವಿದೆ, ಕೆಲಸ ಉಳಿಸಿಕೊಳ್ಳುತ್ತೇನೆಂಬ ಖಾತ್ರಿ ನನಗಿದೆ, ಕೆಲಸದ ಭವಿಷ್ಯದ ಬಗ್ಗೆ ಅಭದ್ರತೆ ಅನಿಸುತ್ತದೆ, ಸದ್ಯದಲ್ಲೇ ಕೆಲಸ ಕಳೆದುಕೊಳ್ಳಬಹುದು ಅನಿಸುತ್ತದೆ. ಪ್ರತಿಯೊಂದಕ್ಕೂ ಎಷ್ಟು ಒಪ್ಪಿಗೆ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ. ಇವನ್ನು ಕನ್ನಡ ಮಾಡಿ ಆ ಆಪರೇಟರಿಗೆ ಓದಿ ಹೇಳಿದೆ. ನಾಲ್ಕನ್ನೂ ಕೇಳಿಸಿಕೊಂಡು ಅವಳು ಕೇಳಿದಳು: "ಅಕ್ಕಾ, ಇದು ಯಾವ ತಿಂಗಳಿನ ಲೆಕ್ಕ? ಜುಲೈನದ್ದು ಹೇಳಲೋ, ಮಾರ್ಚಿನದ್ದು ಹೇಳಲೋ?"