ಯಾರೂ ಸೋಲದ ಸನ್ನಿವೇಶದಲ್ಲಿ ಕಲಿಕೆಯಿಲ್ಲ

ಸಂಶೋಧನಾ ನೀತಿಯ ತರಬೇತಿಗೆಂದು, ಪರದೆಯ ಮೇಲೆ ಆಡುವ ಆಟವಾಗಿ ನಾನು ರೂಪಿಸಿದ ಮೊದಲ ಸನ್ನಿವೇಶದಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರು ಕಿರಿಯ ಸಂಶೋಧಕಿಗೆ ‘ಈ ಅಂಕಿಗಳನ್ನು ಬದಲಿಸು’ ಎಂದು ಹೇಳುತ್ತಿದ್ದರು. ಅವಳ ಮುಂದೆ ಮೂರು ದಾರಿ: ಬದಲಿಸುವುದು, ನಿರಾಕರಿಸುವುದು, ದೂರು ಕೊಡುವುದು. ತರಬೇತಿಗೆ ಬಂದವರಲ್ಲಿ ಬದಲಿಸುವುದನ್ನು ಒಬ್ಬರೂ ಆರಿಸಲಿಲ್ಲ. ಎಲ್ಲರೂ ತೇರ್ಗಡೆಯಾದರು, ಯಾರೂ ಏನನ್ನೂ ಕಲಿಯಲಿಲ್ಲ.

ಪ್ರಯೋಗಾಲಯದಲ್ಲಿ ಆ ಮಾತನ್ನು ಅಷ್ಟು ಬಿಡಿಸಿ ಯಾರು ಹೇಳುತ್ತಾರೆ? ‘ಅಂದು ಉಪಕರಣ ಸರಿಯಿರಲಿಲ್ಲವೇನೋ, ಇನ್ನೊಮ್ಮೆ ನೋಡಿ’ ಎನ್ನುತ್ತಾರೆ. ಅದು ನಿಜವೂ ಆಗಿರಬಹುದು, ತೊಡಕು ಇರುವುದೇ ಅಲ್ಲಿ. ನೈತಿಕ ನಡವಳಿಕೆಯನ್ನು ನಾಲ್ಕು ಘಟಕಗಳಾಗಿ ಬಿಡಿಸಿ ನೋಡಿದ ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್, ಅವುಗಳಲ್ಲಿ ಒಂದನ್ನು ಸೂಕ್ಷ್ಮತೆ ಎಂದು ಕರೆದರು: ಇಲ್ಲೊಂದು ನೈತಿಕ ಪ್ರಶ್ನೆಯಿದೆ ಎಂದು ಗುರುತಿಸುವ ಶಕ್ತಿ. ನನ್ನ ಸನ್ನಿವೇಶ ಆ ಕೆಲಸವನ್ನು ತಾನೇ ಮಾಡಿ ಮುಗಿಸಿತ್ತು.

ಈಗ ಅದೇ ಕಥೆಯನ್ನು ಬೇರೆ ರೀತಿ ಹೆಣೆದಿದ್ದೇನೆ. ನಲವತ್ತು ಅಳತೆಗಳಲ್ಲಿ ಮೂರು ಉಳಿದವುಗಳೊಂದಿಗೆ ಹೊಂದುವುದಿಲ್ಲ. ಅವನ್ನು ಉಳಿಸಿಕೊಳ್ಳಬಹುದು, ಕಾರಣ ಬರೆದು ಕೈಬಿಡಬಹುದು, ಸದ್ದಿಲ್ಲದೆ ಕೈಬಿಡಬಹುದು. ಉಪಕರಣದ ದಿನಚರಿ ಪುಸ್ತಕವೂ ಪರದೆಯ ಮೂಲೆಯಲ್ಲಿದೆ, ಆದರೆ ಅದನ್ನು ತೆರೆಯಿರಿ ಎಂದು ಯಾರೂ ಹೇಳುವುದಿಲ್ಲ. ಯಾವ ಅಳತೆಯನ್ನು ಕೈಬಿಡಬೇಕೆಂಬ ನಿಯಮವನ್ನು ಫಲಿತಾಂಶ ನೋಡುವ ಮೊದಲೇ ಗೊತ್ತುಪಡಿಸಿಕೊಳ್ಳಬೇಕು ಎಂಬುದನ್ನು ಎಲ್ಲರೂ ಓದಿರುತ್ತಾರೆ. ಆದರೂ ಬಹಳ ಮಂದಿ ಸದ್ದಿಲ್ಲದೆ ಕೈಬಿಡುತ್ತಾರೆ. ಆಗ ಕೆಂಪು ಗುರುತು ಮೂಡುವುದಿಲ್ಲ. ನಕ್ಷೆ ಅಂದವಾಗುತ್ತದೆ, ಮಾರ್ಗದರ್ಶಕರು ಮೆಚ್ಚುತ್ತಾರೆ, ಪ್ರಬಂಧ ಪ್ರಕಟವಾಗುತ್ತದೆ. ತಪ್ಪಿಗೆ ಒಡನೆಯೇ ಶಿಕ್ಷೆ ಕೊಡುವ ಸನ್ನಿವೇಶ ಸುಳ್ಳು ಹೇಳುತ್ತದೆ ಎಂಬುದು ನನ್ನ ದೃಢ ನಂಬಿಕೆ. ಎಷ್ಟೋ ದೃಶ್ಯಗಳ ನಂತರ, ಬೇರೊಂದು ತಂಡ ಮೂಲ ದತ್ತಾಂಶ ಕೇಳಿ ಪತ್ರ ಬರೆಯುತ್ತದೆ.

ಸಂಶೋಧನೆಗೆ ಒಳಗಾಗುವವರ ಸಮ್ಮತಿಯ ವಿಷಯಕ್ಕೆ ಇನ್ನೊಂದು ಉಪಾಯ ಬೇಕಾಯಿತು. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಮೊದಲು ಅಲ್ಲಗಳೆದು, 2005ರಲ್ಲಿ ತಮ್ಮದೇ ತಂಡದ ಕಿರಿಯ ಸಂಶೋಧಕಿಯರು ಪ್ರಯೋಗಕ್ಕೆ ಅಂಡಾಣು ಕೊಟ್ಟಿದ್ದನ್ನು ಒಪ್ಪಿಕೊಂಡರು. ಸಂಶೋಧಕರನ್ನು ಅವಲಂಬಿಸಿರುವವರಿಂದ ಸಮ್ಮತಿ ಪಡೆಯುವಾಗ ವಿಶೇಷ ಎಚ್ಚರ ಬೇಕೆಂದು, ಮನುಷ್ಯರ ಮೇಲಿನ ವೈದ್ಯಕೀಯ ಸಂಶೋಧನೆಯ ನೀತಿಸೂತ್ರಗಳಾದ ಹೆಲ್ಸಿಂಕಿ ಘೋಷಣೆ ಹೇಳುತ್ತದೆ. ಈ ವಾಕ್ಯವನ್ನು ಓದಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಹಾಗಾಗಿ ಒಂದೇ ದೃಶ್ಯವನ್ನು ಎರಡು ಸಲ ಆಡಿಸುತ್ತೇನೆ. ಮೊದಲ ಸಲ ನೀವು ತಂಡದ ಮುಖ್ಯಸ್ಥರು, ಕಿರಿಯಳು ತಾನಾಗಿಯೇ ರಕ್ತದ ಮಾದರಿ ಕೊಡಲು ಮುಂದೆ ಬರುತ್ತಾಳೆ. ಎರಡನೆಯ ಸಲ ನೀವೇ ಆ ಕಿರಿಯಳು. ನಿಮ್ಮ ಶಿಫಾರಸು ಪತ್ರಕ್ಕೆ ಮುಖ್ಯಸ್ಥರ ಸಹಿ ಇನ್ನೂ ಬಿದ್ದಿಲ್ಲ. ‘ಇಷ್ಟವಿದ್ದರೆ ಮಾತ್ರ’ ಎಂಬ ಅದೇ ಮಾತು ಈಗ ಬೇರೆಯಾಗಿ ಕೇಳಿಸುತ್ತದೆ.

ಪರದೆಯ ಆಟಕ್ಕೆ ಇಪ್ಪತ್ತು ನಿಮಿಷ ಸಾಕು, ನಂತರದ ಚರ್ಚೆಗೆ ಅದರ ಇಮ್ಮಡಿ ಬೇಕು. ಆ ಚರ್ಚೆಯಲ್ಲಿ ಯಾರ ಆಯ್ಕೆ ಏನೆಂದು ಬಹಿರಂಗಪಡಿಸಬಾರದು. ಒಬ್ಬರೇ ಒಬ್ಬರು ಮುಜುಗರಪಟ್ಟರೂ ಸಾಕು, ಮುಂದಿನ ತಂಡದವರೆಲ್ಲ ಸುರಕ್ಷಿತ ಉತ್ತರವನ್ನೇ ಒತ್ತುತ್ತಾರೆ.

ಹಿಂದಿನ ದೃಶ್ಯಕ್ಕೆ ಮರಳುವ ಗುಂಡಿಯನ್ನು ನಾನು ತೆಗೆದುಹಾಕಿದ್ದೇನೆ. ಕೇಳುವವರು ಬಹಳ. ಅದರ ಬದಲು, ಪ್ರಬಂಧದಲ್ಲಿ ಲೋಪವಿದೆ ಎಂದು ಸಂಪಾದಕರಿಗೆ ತಿಳಿಸುವ ಖಾಲಿ ಪತ್ರವೊಂದು ತೆರೆದುಕೊಳ್ಳುತ್ತದೆ. ಇಡೀ ತರಬೇತಿಯಲ್ಲಿ ಜನ ಅತಿ ಹೆಚ್ಚು ಹೊತ್ತು ತಡೆದು ನಿಲ್ಲುವುದು ಆ ಪತ್ರದ ಮೊದಲ ವಾಕ್ಯದಲ್ಲಿ.